ಬೆಳಗಿನ ನಡಿಗೆ ಮತ್ತು ಒಂಬತ್ತು ಗಂಟೆಯ ಕುರ್ಚಿ

ಪ್ರಶ್ನೆ: ನಾನು ಧಾರವಾಡದವನು. ಹನ್ನೆರಡು ವರ್ಷಗಳಿಂದ ಪುಣೆಯಲ್ಲಿದ್ದೇನೆ, ವಯಸ್ಸು 38. ಮನೆ ಕಾತ್ರಜ್‌ನಲ್ಲಿ, ಕಚೇರಿ ಹಿಂಜವಡಿಯಲ್ಲಿ. ಕಂಪನಿ ಬಸ್ಸಿನಲ್ಲಿ ಹೋಗಲು ಒಂದೂವರೆ ಗಂಟೆ, ಬರಲು ಒಂದೂವರೆ ಗಂಟೆ; ನಡುವೆ ಒಂಬತ್ತು ಗಂಟೆ ಕಂಪ್ಯೂಟರ್ ಮುಂದೆ. ವಾರಕ್ಕೆ ಆರು ದಿನ ಬೆಳಗ್ಗೆ 45 ನಿಮಿಷ ಬಿರುಸಾಗಿ ನಡೆಯುತ್ತೇನೆ. ಎತ್ತರ 170 ಸೆಂ.ಮೀ., ತೂಕ 66 ಕೆ.ಜಿ.; ನೋಡಿದವರೆಲ್ಲ ತೆಳ್ಳಗಿದ್ದೀರಿ ಎನ್ನುತ್ತಾರೆ. ಆದರೂ ಕಚೇರಿಯ ಆರೋಗ್ಯ ಶಿಬಿರದಲ್ಲಿ ಎಚ್‌ಬಿಎ1ಸಿ (ಕಳೆದ ಎರಡು-ಮೂರು ತಿಂಗಳ ಸರಾಸರಿ ರಕ್ತಸಕ್ಕರೆಯ ಅಳತೆ) 6.1 ಬಂತು, ರಕ್ತದ ಕೊಬ್ಬಾದ ಟ್ರೈಗ್ಲಿಸರೈಡ್ ಹೆಚ್ಚಿತ್ತು, ಹೊಟ್ಟೆಯ ಸುತ್ತಳತೆ 94 ಸೆಂ.ಮೀ. ಇತ್ತು. ‘ದಿನವಿಡೀ ಕೂರುವವರು ಬೆಳಗ್ಗೆ ಎಷ್ಟು ನಡೆದರೂ ಪ್ರಯೋಜನವಿಲ್ಲ, ಕೂರುವುದು ಸಿಗರೇಟು ಸೇದಿದ್ದಕ್ಕೆ ಸಮ’ ಎಂದು ಅಲ್ಲಿದ್ದವರೊಬ್ಬರು ಹೇಳಿದರು. ನಿಂತು ಕೆಲಸ ಮಾಡುವ ಮೇಜನ್ನು ಸ್ವಂತ ಖರ್ಚಿನಲ್ಲಿ ಕೊಳ್ಳಬೇಕೆಂದಿದ್ದೇನೆ. ಸಂಜೆಯ ಹೊತ್ತಿಗೆ ಸೊಂಟ ಹಿಡಿದುಕೊಳ್ಳುತ್ತದೆ. ಪದೇ ಪದೇ ಎದ್ದು ಓಡಾಡಿದರೆ ಕೆಲಸಗಳ್ಳ ಎಂದುಕೊಳ್ಳುತ್ತಾರೆಂಬ ಸಂಕೋಚವೂ ಇದೆ. ನಾನು ಏನು ಮಾಡಬೇಕು?

ಉತ್ತರ: ಆರು ದಿನ ನಸುಕಿನಲ್ಲೆದ್ದು ನಡೆದದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತೇ ಎಂಬ ನೋವು ನಿಮ್ಮ ಪತ್ರದ ಸಾಲುಗಳ ನಡುವೆ ಕಾಣುತ್ತದೆ. ಹಾಗಾಗಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ತೀವ್ರತೆಯ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಹೇಳುತ್ತದೆ. ನೀವು 270 ನಿಮಿಷ ನಡೆಯುತ್ತಿದ್ದೀರಿ. ಆ ನಡಿಗೆ ಇಲ್ಲದಿದ್ದರೆ ನಿಮ್ಮ ವರದಿಯ ಅಂಕಿಗಳು ಇನ್ನೂ ಮೇಲಿರುತ್ತಿದ್ದವು ಎಂಬುದೇ ನನ್ನ ಅಂದಾಜು. ಆದ್ದರಿಂದ ಬೇರೆ ಏನನ್ನು ಬದಲಿಸಿದರೂ ಅದನ್ನು ಬಿಡಬೇಡಿ.

ಸಿಗರೇಟಿನ ಹೋಲಿಕೆ ಕಿವಿಗೆ ನಾಟುತ್ತದೆ, ಆದರೆ ಅದು ನಿಜವಲ್ಲ. ತಂಬಾಕನ್ನು ಬಿಡದೆ ಬಳಸುವವರಲ್ಲಿ ಅರ್ಧದಷ್ಟು ಜನರನ್ನು ಅದು ಬಲಿ ತೆಗೆದುಕೊಳ್ಳಬಲ್ಲದು. ಕೂರುವುದರ ಅಪಾಯ ಅದರ ಹತ್ತಿರಕ್ಕೂ ಬರುವುದಿಲ್ಲ. ಸಂಶೋಧಕ ಉಲ್ಫ್ ಎಕೆಲುಂಡ್ ಮತ್ತು ಸಂಗಡಿಗರು ಹತ್ತು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿ 2016ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ಕೂರುವವರು 60ರಿಂದ 75 ನಿಮಿಷ ಮಧ್ಯಮ ತೀವ್ರತೆಯ ಚಟುವಟಿಕೆ ಮಾಡುತ್ತಿದ್ದರೆ, ಕೂರುವುದರಿಂದ ಹೆಚ್ಚುವ ಸಾವಿನ ಅಪಾಯ ಬಹುಮಟ್ಟಿಗೆ ಅಳಿಸಿಹೋಗುತ್ತದೆ. ನಿಮ್ಮ 45 ನಿಮಿಷಗಳು ಆ ದಾರಿಯ ಮುಕ್ಕಾಲು ಭಾಗವನ್ನು ಆಗಲೇ ಕ್ರಮಿಸಿವೆ.

ಹಾಗಾದರೆ ರಕ್ತಪರೀಕ್ಷೆ ಹೀಗೇಕೆ ಬಂತು? ಇದಕ್ಕೆ ಒಂದು ಕಾರಣ ನಿಮ್ಮ ಮೈಕಟ್ಟಿನಲ್ಲಿದೆ, ಇನ್ನೊಂದು ನಿಮ್ಮ ದಿನಚರಿಯಲ್ಲಿದೆ.

ಮೈಕಟ್ಟಿನ ವಿಷಯವನ್ನು ಜಗತ್ತಿಗೆ ತೋರಿಸಿಕೊಟ್ಟವರು ನಮ್ಮ ಪುಣೆಯವರೇ. ಇಲ್ಲಿನ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ ಯಾಜ್ಞಿಕ್ ಅವರು ಲಂಡನ್ನಿನ ಡಾ. ಜಾನ್ ಯುಡ್ಕಿನ್ ಅವರ ಜೊತೆ ತೆಗೆಸಿಕೊಂಡ ಒಂದು ಫೋಟೊ 2004ರಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟವಾಯಿತು. ಇಬ್ಬರ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ) ಕೂಡ 22.3. ಆದರೆ ದೇಹದ ಕೊಬ್ಬಿನ ಪ್ರಮಾಣ ಯುಡ್ಕಿನ್ ಅವರಲ್ಲಿ ಶೇ. 9.1, ಯಾಜ್ಞಿಕ್ ಅವರಲ್ಲಿ ಶೇ. 21.2. ತಕ್ಕಡಿಗೆ ತೆಳ್ಳಗೆ ಕಾಣುವ ಭಾರತೀಯ ದೇಹ ಒಳಗೆ, ಅದರಲ್ಲೂ ಹೊಟ್ಟೆಯ ಸುತ್ತ, ಹೆಚ್ಚು ಕೊಬ್ಬನ್ನೂ ಕಡಿಮೆ ಸ್ನಾಯುವನ್ನೂ ಇಟ್ಟುಕೊಂಡಿರುತ್ತದೆ. ನಿಮ್ಮ ಬಿಎಂಐ 22.8, ಅದು ಸರಿಯಾಗಿಯೇ ಇದೆ. ಆದರೆ ಭಾರತೀಯ ಗಂಡಸರ ಹೊಟ್ಟೆಯ ಸುತ್ತಳತೆಗೆ ಇರುವ 90 ಸೆಂ.ಮೀ. ಮಿತಿಯನ್ನು ನೀವು ದಾಟಿದ್ದೀರಿ. ತಪಾಸಣೆಗೆ ಬರುವವರು ಬೆಲ್ಟ್ ಸಡಿಲಿಸುವಾಗ ನಾನು ಅದರ ಮೇಲೆ ಕಣ್ಣು ಹಾಯಿಸುತ್ತೇನೆ. ಹಳೆಯ ತೂತಿನ ಬಳಿ ಚರ್ಮ ಸವೆದು ಬಿಳಿಚಿದ ಗೆರೆ ಇರುತ್ತದೆ, ಕೊಕ್ಕೆ ಈಗ ಅಲ್ಲಿಂದ ಎರಡು ತೂತು ಆಚೆಗೆ ಸರಿದಿರುತ್ತದೆ. ತೂಕವೇನೂ ಹೆಚ್ಚಿಲ್ಲ ಡಾಕ್ಟ್ರೇ ಎಂದು ಅವರು ಹೇಳುವುದು ಸುಳ್ಳಲ್ಲ, ಆದರೆ ಬೆಲ್ಟ್ ಹೇಳುವುದೂ ನಿಜ.

ಈ ಬಟ್ಟೆಯ ಸಾಕ್ಷ್ಯ ವೈದ್ಯಶಾಸ್ತ್ರಕ್ಕೆ ಹೊಸದಲ್ಲ. ಲಂಡನ್ನಿನ ಎರಡಂತಸ್ತಿನ ಬಸ್ಸುಗಳಲ್ಲಿ ದಿನವಿಡೀ ಕೂರುವ ಚಾಲಕರಿಗಿಂತ, ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಲ್ಲಿ ಹೃದ್ರೋಗ ಕಡಿಮೆ ಎಂದು ಸಂಶೋಧಕ ಜೆರಿ ಮಾರಿಸ್ 1953ರಲ್ಲಿ ತೋರಿಸಿದರು. ಕೂರುವ ಕೆಲಸದ ಬಗೆಗಿನ ಇಂದಿನ ಚರ್ಚೆಯೆಲ್ಲ ಅಲ್ಲಿಂದಲೇ ಶುರುವಾದದ್ದು. ಮಾರಿಸ್ ಅಲ್ಲಿಗೇ ಬಿಡಲಿಲ್ಲ. 1956ರಲ್ಲಿ ಅವರ ತಂಡ ಇದೇ ನೌಕರರ ಸಮವಸ್ತ್ರದ ಅಳತೆಗಳನ್ನು ತೆಗೆದು ನೋಡಿದಾಗ, ಚಾಲಕರ ಪ್ಯಾಂಟಿನ ಸೊಂಟದಳತೆ ಮೊದಲಿನಿಂದಲೇ ದೊಡ್ಡದಿದ್ದುದು ಕಂಡುಬಂತು. ಅಂದರೆ ಎರಡು ಗುಂಪುಗಳ ವ್ಯತ್ಯಾಸವೆಲ್ಲ ಕುರ್ಚಿಯಿಂದಲೇ ಆದದ್ದಲ್ಲ. ಕೂರುವುದೇ ಸಕಲ ರೋಗಗಳ ಮೂಲ ಎಂದು ಯಾರಾದರೂ ಹೇಳಿದಾಗ ಈ ಎರಡನೆಯ ಅಧ್ಯಯನವನ್ನು ನೆನೆಸಿಕೊಳ್ಳುವುದು ಒಳ್ಳೆಯದು.

ಇನ್ನು ದಿನಚರಿ. ಎಂಟು ಗಂಟೆಯ ನಿದ್ದೆ ಬಿಟ್ಟರೆ ನೀವು ಎಚ್ಚರವಿರುವುದು 960 ನಿಮಿಷ. ಅದರಲ್ಲಿ ಬೆಳಗಿನ ನಡಿಗೆ 45 ನಿಮಿಷ. ಬಸ್ಸು ಮತ್ತು ಕಚೇರಿ ಸೇರಿ 720 ನಿಮಿಷ. ನನ್ನ ದೃಷ್ಟಿಯಲ್ಲಿ ಈ 720ಕ್ಕಿಂತ ಹೆಚ್ಚು ಗಮನಿಸಬೇಕಾದದ್ದು, ಅದರಲ್ಲಿ ಒಮ್ಮೆಯೂ ಏಳದೆ ಕುಳಿತ ಅತಿ ಉದ್ದದ ಸರದಿ ಎಷ್ಟು ಎಂಬುದನ್ನು. ನಿಮ್ಮಂಥ ಕೆಲಸದವರನ್ನು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: ಒಂದೂವರೆಗೆ ಡಬ್ಬಿಯ ಚಪಾತಿ, ಅನ್ನ, ಪಲ್ಯ ಮುಗಿಸಿ ಎರಡು ಗಂಟೆಗೆ ಕುರ್ಚಿಗೆ ಬಂದರೆ ಚಹಾದ ಹೊತ್ತಿನವರೆಗೆ, ಅಂದರೆ ನಾಲ್ಕೂವರೆವರೆಗೆ, ಏಳುವುದಿಲ್ಲ.

ದೇಹದ ಮಟ್ಟಿಗೆ ಇದು ಅತ್ಯಂತ ಕೆಟ್ಟ ಹೊತ್ತು. ಊಟವಾದ ಸುಮಾರು ಒಂದು ಗಂಟೆಗೆ ರಕ್ತದಲ್ಲಿ ಸಕ್ಕರೆ ಏರಿ ತುದಿ ಮುಟ್ಟುತ್ತದೆ. ಅದನ್ನು ಹೀರಿಕೊಳ್ಳಬೇಕಾದ ದೊಡ್ಡ ಸ್ನಾಯುಗಳು ತೊಡೆ, ಪೃಷ್ಠ ಮತ್ತು ಮೀನಖಂಡಗಳಲ್ಲಿವೆ. ಸ್ನಾಯು ಸಂಕುಚಿಸುವಾಗ ಇನ್ಸುಲಿನ್ನಿನ ನೆರವಿಗಾಗಿ ಕಾಯದೆ ಸಕ್ಕರೆಯನ್ನು ಒಳಗೆ ಎಳೆದುಕೊಳ್ಳಬಲ್ಲದು. ಇನ್ಸುಲಿನ್ ಸರಿಯಾಗಿ ಕೆಲಸ ಮಾಡದವರಿಗೆ ಇದೊಂದು ಪಕ್ಕದ ಬಾಗಿಲಿದ್ದಂತೆ. ಕುಳಿತಿದ್ದಾಗ ಈ ಸ್ನಾಯುಗಳು ಹೆಚ್ಚುಕಡಿಮೆ ಸುಮ್ಮನಿರುತ್ತವೆ, ಆ ಬಾಗಿಲು ಮುಚ್ಚಿರುತ್ತದೆ. ರಕ್ತದ ಕೊಬ್ಬನ್ನು ಒಡೆಯುವ ಕಿಣ್ವವೊಂದು ನಿಷ್ಕ್ರಿಯ ಸ್ನಾಯುವಿನಲ್ಲಿ ಮಂದವಾಗುತ್ತದೆ. ಟ್ರೈಗ್ಲಿಸರೈಡ್ ಏರುವುದಕ್ಕೆ ಇದೂ ಒಂದು ಕಾರಣ. ಮೀನಖಂಡ ಕಾಲಿನ ರಕ್ತವನ್ನು ಮೇಲಕ್ಕೆ ತಳ್ಳುವ ಪಂಪಿನಂತೆ ಕೆಲಸ ಮಾಡುತ್ತದೆ, ಪಾದ ಆಡದಿದ್ದರೆ ಪಂಪೂ ಆಡುವುದಿಲ್ಲ. ಸಂಜೆ ಮನೆಗೆ ಹೋಗಿ ಕಾಲುಚೀಲ ಕಳಚಿದಾಗ ಎಲಾಸ್ಟಿಕ್ ಒತ್ತಿದ ಗೆರೆ ಎಷ್ಟು ಆಳವಾಗಿದೆ ಎಂದು ಒಮ್ಮೆ ಬೆರಳಾಡಿಸಿ ನೋಡಿ.

ಸೊಂಟನೋವಿಗೂ ಬಹುಮಟ್ಟಿಗೆ ಇದೇ ಕಾರಣ. ಬೆನ್ನುಮೂಳೆಗಳ ನಡುವಿನ ಡಿಸ್ಕುಗಳಿಗೆ ದೊಡ್ಡವರಲ್ಲಿ ನೇರವಾದ ರಕ್ತಸಂಚಾರ ಬಹುತೇಕ ಇರುವುದಿಲ್ಲ. ಸುತ್ತಲಿನ ಅಂಗಾಂಶದಿಂದ ಇಂಗಿ ಬರುವ ಪೋಷಣೆಗೆ ಚಲನೆ ನೆರವಾಗುತ್ತದೆ. ಹಾಗಾಗಿ ನೆಟ್ಟಗೆ ಕುಳಿತರೆ ಎಲ್ಲವೂ ಸರಿಹೋಗುತ್ತದೆ ಎಂಬ ನಂಬಿಕೆಯನ್ನು ನಾನು ಒಪ್ಪುವುದಿಲ್ಲ. ಎಷ್ಟೇ ಒಳ್ಳೆಯ ಭಂಗಿಯಾದರೂ ಎರಡು ಗಂಟೆ ಅಲುಗಾಡದೆ ಹಿಡಿದರೆ ಅದೇ ಕೆಟ್ಟ ಭಂಗಿಯಾಗುತ್ತದೆ.

ಈಗ ಮೇಜಿನ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನೀವು ಹಣ ಖರ್ಚು ಮಾಡುವ ಮೊದಲು ಇದನ್ನು ಓದಬೇಕು. ಈ ವೃತ್ತಿಯ ಮೊದಲ ಹತ್ತು ವರ್ಷಗಳನ್ನು ನಾನು ಭೋಸರಿ, ಚಾಕಣ್ ಕಡೆಯ ಕಾರ್ಖಾನೆಗಳಲ್ಲಿ ಕಳೆದೆ. ಅಲ್ಲಿ ಎಂಟು ತಾಸು ಒಂದೇ ಜಾಗದಲ್ಲಿ ನಿಂತು ಬಿಡಿಭಾಗಗಳನ್ನು ಪರಿಶೀಲಿಸುವವರು ಪ್ಯಾಂಟು ಮಡಚಿ ತೋರಿಸುತ್ತಿದ್ದ ಕಾಲುಗಳು ಇನ್ನೂ ಕಣ್ಣಮುಂದಿವೆ: ಮಂಡಿಯ ಹಿಂದೆ ಹುರಿಯಂತೆ ಸುತ್ತಿಕೊಂಡ ನೀಲಿ ರಕ್ತನಾಳಗಳು, ಕಣಕಾಲಿನ ಮೇಲೆ ಕಪ್ಪಾದ ಚರ್ಮ. ನಿಂತೇ ದುಡಿಯುವವರಿಗೆ ಕೂರಲು ಆಸನವಿರಬೇಕೆಂದು 1948ರ ಕಾರ್ಖಾನೆ ಕಾಯ್ದೆಯ 44ನೆಯ ಸೆಕ್ಷನ್ ಸುಮ್ಮನೆ ಹೇಳಿರಲಿಲ್ಲ. ಬಟ್ಟೆ ಅಂಗಡಿಗಳಲ್ಲಿ ದಿನವಿಡೀ ನಿಲ್ಲಬೇಕಾಗಿದ್ದ ಹೆಣ್ಣುಮಕ್ಕಳ ಹೋರಾಟದ ಫಲವಾಗಿ ಕೇರಳ 2018ರಲ್ಲಿ ಕೂರುವ ಹಕ್ಕನ್ನು ಕಾನೂನಾಗಿಸಿತು. ತಮಿಳುನಾಡು 2021ರಲ್ಲಿ ಅದೇ ದಾರಿ ಹಿಡಿಯಿತು. ಲಕ್ಷ್ಮೀ ರಸ್ತೆಯ ಸೀರೆ ಅಂಗಡಿಯಲ್ಲಿ ಇಡೀ ದಿನ ನಿಲ್ಲುವವರ ಕಾಲುನೋವು, ಹಿಂಜವಡಿಯಲ್ಲಿ ಕೂರುವವರ ಸೊಂಟನೋವಿಗೆ ಔಷಧವಾಗಲಾರದು.

ಅಲುಗಾಡದೆ ನಿಲ್ಲುವುದರಲ್ಲಿ ದೇಹ ಖರ್ಚು ಮಾಡುವ ಶಕ್ತಿಯೂ ಅತ್ಯಲ್ಪ. ಕೂರುವುದಕ್ಕಿಂತ ನಿಮಿಷಕ್ಕೆ ಸುಮಾರು 0.15 ಕಿಲೋಕ್ಯಾಲರಿ ಮಾತ್ರ ಹೆಚ್ಚು. ಆರು ಗಂಟೆ ನಿಂತರೆ ಐವತ್ತು ಚಿಲ್ಲರೆ ಕ್ಯಾಲರಿ; ರಸ್ತೆಬದಿಯ ಚಹಾ ಟಪರಿಯಲ್ಲಿ ಸಕ್ಕರೆ ಹಾಕಿದ ಒಂದು ಲೋಟ ಚಹಾ ಕುಡಿದರೆ ಅದು ವಾಪಸು ಬಂತು. ಬ್ರಿಟನ್ನಿನಲ್ಲಿ ಕಚೇರಿ ನೌಕರರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವೊಂದರಲ್ಲಿ, ಬರೀ ತಿಳಿವಳಿಕೆ ಮತ್ತು ಪ್ರೋತ್ಸಾಹ ಸಿಕ್ಕವರು ಒಂದು ವರ್ಷದ ನಂತರ ದಿನಕ್ಕೆ ಸುಮಾರು 22 ನಿಮಿಷ ಕಡಿಮೆ ಕುಳಿತರೆ, ಅದರ ಜೊತೆಗೆ ಎತ್ತರ ಹೊಂದಿಸುವ ಮೇಜೂ ಸಿಕ್ಕವರು ಸುಮಾರು 64 ನಿಮಿಷ ಕಡಿಮೆ ಕುಳಿತರು. ಆದರೆ ಅವರು ಇಡುವ ಹೆಜ್ಜೆಗಳ ಸಂಖ್ಯೆ ಹೆಚ್ಚಲಿಲ್ಲ. ಮೇಜು ಮನುಷ್ಯನನ್ನು ನಿಲ್ಲಿಸಿತು, ನಡೆಸಲಿಲ್ಲ. ಕಂಪನಿಯೇ ಕೊಟ್ಟರೆ ಬೇಡವೆನ್ನಬೇಡಿ. ಇಪ್ಪತ್ತು ನಿಮಿಷ ನಿಂತು ಮತ್ತೆ ಕುಳಿತು, ಬದಲಿಸುತ್ತ ಬಳಸಿ, ಮೆತ್ತನೆಯ ಅಡಿಯ ಬೂಟು ಹಾಕಿ. ಹಿಮ್ಮಡಿನೋವು, ಮಂಡಿನೋವು ಅಥವಾ ಉಬ್ಬಿದ ರಕ್ತನಾಳಗಳು ಮೊದಲೇ ಇದ್ದವರು ವೈದ್ಯರನ್ನು ಕೇಳದೆ ಶುರು ಮಾಡಬಾರದು. ನಿಮ್ಮ ಜೇಬಿನಿಂದ ಕೊಳ್ಳಬೇಕೆಂದರೆ, ಆ ದುಡ್ಡಿನಲ್ಲಿ ಇದಕ್ಕಿಂತ ಉಪಯುಕ್ತವಾದ ಬೇರೆ ಏನಾದರೂ ಮಾಡಬಹುದು ಎಂದೇ ಹೇಳುತ್ತೇನೆ. ಕೂರುವ ದೊಡ್ಡ ಚೆಂಡಿನಿಂದ ಹೇಳಿಕೊಳ್ಳುವಂಥ ಲಾಭವಿಲ್ಲ. ಮೇಜಿನಡಿಯ ಟ್ರೆಡ್‌ಮಿಲ್ ಮೇಲೆ ನಡೆಯುತ್ತ ಮೌಸ್ ಹಿಡಿದು ಸೂಕ್ಷ್ಮ ಕೆಲಸ ಮಾಡುವುದು ಕಷ್ಟ. ಕಾಲು ಜಾರಿ ಬೀಳುವ ಅಪಾಯವೂ ಇದೆ.

ನಾನು ಮೊದಲ ಸ್ಥಾನ ಕೊಡುವುದು ಕೂರುವ ಸರದಿಯನ್ನು ನಡುನಡುವೆ ಮುರಿಯುವುದಕ್ಕೆ. ಆಸ್ಟ್ರೇಲಿಯಾದ ಡೇವಿಡ್ ಡನ್‌ಸ್ಟನ್ ತಂಡ 2012ರಲ್ಲಿ ತೂಕ ಹೆಚ್ಚಿದ್ದ ವಯಸ್ಕರನ್ನು ಪ್ರತಿ 20 ನಿಮಿಷಕ್ಕೊಮ್ಮೆ ಎಬ್ಬಿಸಿ ಎರಡು ನಿಮಿಷ ನಿಧಾನವಾಗಿ ನಡೆಸಿದಾಗ, ಆಹಾರ ಸೇವನೆಯ ನಂತರದ ಸಕ್ಕರೆಯ ಏರಿಕೆ, ಏಳದೆ ಕುಳಿತ ದಿನಕ್ಕೆ ಹೋಲಿಸಿದರೆ, ಶೇ. 24ರಷ್ಟು ಕಡಿಮೆಯಾಯಿತು. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದವರು 2023ರಲ್ಲಿ ಬೇರೆ ಬೇರೆ ಅಂತರಗಳನ್ನು ಹೋಲಿಸಿ ನೋಡಿದರು. ಅರ್ಧ ಗಂಟೆಗೊಮ್ಮೆ ಐದು ನಿಮಿಷ ನಡೆದಾಗ ಸಕ್ಕರೆಯೂ ರಕ್ತದೊತ್ತಡವೂ ಚೆನ್ನಾಗಿ ಇಳಿದವು, ಗಂಟೆಗೊಮ್ಮೆ ಒಂದು ನಿಮಿಷ ನಡೆದರೂ ರಕ್ತದೊತ್ತಡದಲ್ಲಿ ವ್ಯತ್ಯಾಸ ಕಂಡಿತು. ಇದರಲ್ಲಿ ಭಾಗವಹಿಸಿದವರು ಕೇವಲ 11 ಜನ, ಅಳೆದದ್ದು ಒಂದೊಂದು ದಿನದ ಪರಿಣಾಮವನ್ನು. ಆದ್ದರಿಂದ ಐದು ನಿಮಿಷ, ಅರ್ಧ ಗಂಟೆ ಎಂಬ ಸಂಖ್ಯೆಗಳನ್ನು ಮಂತ್ರದಂತೆ ಹಿಡಿಯಬೇಡಿ. ನಿಮ್ಮ ಕೆಲಸದಲ್ಲಿ 45 ನಿಮಿಷಕ್ಕೊಮ್ಮೆ ಮೂರು ನಿಮಿಷ ಸಾಧ್ಯವಾದರೆ ಅಷ್ಟೇ ಮಾಡಿ.

ಇದನ್ನು ಮೊಬೈಲಿನ ಅಲಾರಾಂ ನಂಬಿ ಮಾಡಲು ಹೋಗಬೇಡಿ. ಅಲಾರಾಂ ಇಟ್ಟುಕೊಂಡವರು ಎರಡನೆಯ ವಾರದ ಹೊತ್ತಿಗೆ ಅದನ್ನು ತಡವರಿಸದೆ ಆರಿಸುವುದನ್ನು ಕಲಿತಿರುತ್ತಾರೆ. ಅದು ಅವರ ಸೋಮಾರಿತನವಲ್ಲ, ಕೆಲಸದಲ್ಲಿ ಮುಳುಗಿದ ಮನಸ್ಸಿನ ಸಹಜ ವರ್ತನೆ. ಏಳುವುದನ್ನು ಕೆಲಸದೊಳಗೇ ಹೆಣೆಯಬೇಕು. ಒಂದು ಉದಾಹರಣೆ ಕೊಡುತ್ತೇನೆ. ಕಚೇರಿಗಳ ಮೇಜಿನ ಮೇಲೆ ಎರಡು ಲೀಟರಿನ ನೀರಿನ ಬಾಟಲಿ ಇರುತ್ತದೆ, ಅದರ ಮೇಲೆ ಇಷ್ಟು ಗಂಟೆಗೆ ಇಷ್ಟು ಎಂದು ಗೆರೆಗಳೂ ಇರುತ್ತವೆ. ನೀರು ಕುಡಿಯಲು ಅದು ಒಳ್ಳೆಯದೇ, ಆದರೆ ಬೆಳಗ್ಗೆ ಒಮ್ಮೆ ತುಂಬಿಸಿದರೆ ಸಂಜೆಯವರೆಗೆ ಏಳುವ ಕಾರಣವನ್ನೇ ಅದು ತೆಗೆದುಹಾಕುತ್ತದೆ. ಅದರ ಬದಲು ಮನೆಯಿಂದ ಒಂದು ಸ್ಟೀಲ್ ಲೋಟ ತೆಗೆದುಕೊಂಡು ಹೋಗಿ. ಲೋಟ ಖಾಲಿಯಾದಾಗ ಏಳಲೇಬೇಕು, ಕುಡಿದ ನೀರು ಇನ್ನೊಮ್ಮೆ ಏಳಿಸುತ್ತದೆ. ಆಗ ಒಂದು ಮಹಡಿ ಮೇಲಿನ ಅಥವಾ ಕೆಳಗಿನ ಶೌಚಾಲಯಕ್ಕೆ ಮೆಟ್ಟಿಲಿನಲ್ಲಿ ಹೋಗಿ ಬನ್ನಿ. ಫೋನಿನಲ್ಲಿ ಮಾತಾಡುವಾಗ, ಪರದೆ ನೋಡಬೇಕಾಗಿಲ್ಲದ ಕರೆಗಳನ್ನೆಲ್ಲ ನಡೆಯುತ್ತ ಮಾತಾಡಿ. ಪಕ್ಕದ ಸಾಲಿನವರಿಗೆ ಸಂದೇಶ ಕಳಿಸುವ ಬದಲು ಹೋಗಿ ಕೇಳಿ. ಇವುಗಳಲ್ಲಿ ಯಾವುದನ್ನೂ ವ್ಯಾಯಾಮ ಎಂದು ಯಾರೂ ಗುರುತಿಸುವುದಿಲ್ಲ, ಹಾಗಾಗಿ ನಿಮ್ಮ ಸಂಕೋಚಕ್ಕೂ ಜಾಗವಿರುವುದಿಲ್ಲ.

ಮಧ್ಯಾಹ್ನದ ಊಟದ ನಂತರದ ಹದಿನೈದು ನಿಮಿಷವನ್ನು ಮಾತ್ರ ಯಾರಿಗೂ ಬಿಟ್ಟುಕೊಡಬೇಡಿ. ಎರಡು ಗಂಟೆಗೆ ಮೀಟಿಂಗ್ ಇದ್ದರೆ ಅದನ್ನು ಎರಡೂಕಾಲಿಗೆ ತಳ್ಳಲು ಸಾಧ್ಯವೇ ಕೇಳಿ. ಆಗದಿದ್ದರೆ ಊಟವನ್ನು ಕಾಲು ಗಂಟೆ ಮೊದಲೇ ಮಾಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿನ ಮಳೆಯಲ್ಲಿ ಹೊರಗೆ ನಡೆಯಲಾಗದು. ಆಗ ಕಾರಿಡಾರ್, ಮೆಟ್ಟಿಲು, ಚಾವಣಿಯಿರುವ ಪಾರ್ಕಿಂಗ್ ಸಾಕು. ಗೆಳೆಯರೊಂದಿಗೆ ಟಪರಿಯವರೆಗೆ ನಡೆದು ಹೋಗುವುದು ಸೊಗಸಾದ ಅಭ್ಯಾಸ, ನಾನೂ ಅದನ್ನು ಬಿಟ್ಟಿಲ್ಲ. ಅಲ್ಲಿ ದಿನವೂ ವಡಾಪಾವ್ ತಿನ್ನದಿದ್ದರೆ ಸರಿ. ಬಸ್ಸಿನಲ್ಲಿ ಎದ್ದು ನಿಲ್ಲಬೇಡಿ, ಅದು ಅಪಾಯ. ವಾಕಡ್‌ನ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಾಗ ಹಿಮ್ಮಡಿಯನ್ನು ಎತ್ತಿ ಇಳಿಸುತ್ತ, ಪಾದವನ್ನು ತಿರುಗಿಸುತ್ತ ಇರಿ, ಸಂಜೆ ಒಂದು ನಿಲ್ದಾಣ ಮೊದಲೇ ಇಳಿದು ಮನೆಯವರೆಗೆ ನಡೆಯಿರಿ. ಹೀಗೆ ಸಿಗುವ ನಿಮಿಷಗಳನ್ನು ಬೆಳಗಿನ 45ಕ್ಕೆ ಕೂಡಿಸಿದರೆ, ನಾನು ಮೇಲೆ ಹೇಳಿದ 60ರ ಗೆರೆಯನ್ನು ನೀವು ದಾಟುತ್ತೀರಿ.

ಇದರ ಜೊತೆಗೆ ವಾರಕ್ಕೆ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಬೇಕು, ನಿಮ್ಮಂಥ ಮೈಕಟ್ಟಿಗೆ ಇದು ಬಹಳ ಮುಖ್ಯ. ಸ್ನಾಯು ಬೆಳೆದಷ್ಟೂ ಸಕ್ಕರೆಗೆ ಜಾಗ ಸಿಗುತ್ತದೆ. ಬಸ್ಕಿ, ಗೋಡೆಗೆ ಕೈಯೂರಿ ಮಾಡುವ ದಂಡ, ಹಿಮ್ಮಡಿ ಎತ್ತುವುದು, ಇಷ್ಟರಿಂದ ಶುರು ಮಾಡಬಹುದು. ಮೇಜು ಕೊಳ್ಳಲಿದ್ದ ದುಡ್ಡು ಕೈಯಲ್ಲಿದ್ದರೆ, ಅದರಲ್ಲಿ ಒಂದಿಷ್ಟನ್ನು ಒಳ್ಳೆಯ ಫಿಸಿಯೋಥೆರಪಿಸ್ಟ್ ಒಬ್ಬರಿಂದ ಇದನ್ನು ಸರಿಯಾಗಿ ಕಲಿಯಲು ಬಳಸಿ. ಸೊಂಟನೋವಿಗೂ ಅವರೇ ದಾರಿ ತೋರಿಸುತ್ತಾರೆ. ಶನಿವಾರ ಜಿಮ್ಮಿಗೆ ಹೋಗಿ ಎರಡು ತಾಸು ಬೆವರು ಸುರಿಸಿ ವಾರದ ಕೊರತೆ ತುಂಬಿಸಲು ಹೊರಡುವುದನ್ನು ಮಾತ್ರ ಬೇಡವೆನ್ನುತ್ತೇನೆ. ಟ್ರೈಗ್ಲಿಸರೈಡ್ ಏರಿರುವ ಮನುಷ್ಯ ಏಕಾಏಕಿ ಭಾರ ಎತ್ತುವುದು ಕ್ಷೇಮವಲ್ಲ.

ಕೆಲವು ಲಕ್ಷಣಗಳಿಗೆ ಈ ಸಲಹೆಗಳು ಉತ್ತರವಲ್ಲ. ದೀರ್ಘ ಪ್ರಯಾಣದ ನಂತರ ಒಂದೇ ಕಾಲಿನ ಮೀನಖಂಡ ಊದಿಕೊಂಡು ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು, ಅದೇ ದಿನ ವೈದ್ಯರನ್ನು ಕಾಣಬೇಕು. ಮೆಟ್ಟಿಲು ಹತ್ತುವಾಗ ಎದೆ ಬಿಗಿದರೆ ಅಥವಾ ಸೊಂಟನೋವಿನೊಂದಿಗೆ ಕಾಲು ಜೋಮು ಹಿಡಿದು ಮೂತ್ರದ ಹಿಡಿತ ತಪ್ಪಿದರೆ ಮರುದಿನಕ್ಕೆ ಕಾಯದೆ ನೇರವಾಗಿ ಆಸ್ಪತ್ರೆಗೆ ಹೋಗಬೇಕು.

ಮ್ಯಾನೇಜರಿಗೆ ಏನು ಹೇಳುವುದು ಎಂಬ ಚಿಂತೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ, ಏಕೆಂದರೆ ಒಳ್ಳೆಯ ಸಲಹೆಗಳು ಕುಸಿದು ಬೀಳುವುದು ಅಲ್ಲಿಯೇ. ಕೂರುವುದು ನಿಮ್ಮೊಬ್ಬರ ಚಟವಲ್ಲ, ಕೆಲಸವನ್ನು ಜೋಡಿಸಿರುವ ರೀತಿಯೇ ನಿಮ್ಮನ್ನು ಕೂರಿಸುತ್ತಿದೆ. ನಿಮ್ಮ ವರದಿಯ ಗುಟ್ಟನ್ನು ಬಿಟ್ಟುಕೊಡದೆ, ಇಡೀ ತಂಡದ ಪರವಾಗಿ ಒಂದೇ ಒಂದು ಬದಲಾವಣೆ ಕೇಳಿ: ಒಂದು ಗಂಟೆಯ ಮೀಟಿಂಗುಗಳು ಐವತ್ತು ನಿಮಿಷಕ್ಕೆ ಮುಗಿಯಲಿ. ಕೇಂದ್ರದ ಆಯುಷ್ ಸಚಿವಾಲಯ ಕಚೇರಿ ನೌಕರರಿಗೆಂದೇ ಐದು ನಿಮಿಷದ ಯೋಗ ವಿರಾಮವನ್ನು ರೂಪಿಸಿ 2021ರಲ್ಲಿ ಅದರ ಆ್ಯಪ್ ಬಿಡುಗಡೆ ಮಾಡಿದೆ. ಸರ್ಕಾರಿ ಕಚೇರಿಗಳಲ್ಲೇ ಇದಕ್ಕೆ ಒಪ್ಪಿಗೆಯಿದೆ ಎಂಬ ಮಾತು ಮೀಟಿಂಗಿನಲ್ಲಿ ನಿಮ್ಮ ನೆರವಿಗೆ ಬರುತ್ತದೆ. ಹೇಳಿದ್ದಕ್ಕೆ ಮ್ಯಾನೇಜರ್ ಒಪ್ಪದಿದ್ದರೂ ಸ್ಟೀಲ್ ಲೋಟಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ.

ಎಚ್‌ಬಿಎ1ಸಿ 5.7ರಿಂದ 6.4ರ ನಡುವೆ ಇದ್ದರೆ ಅದು ಮಧುಮೇಹದ ಹೊಸ್ತಿಲು, ಮಧುಮೇಹವಲ್ಲ. ಈ ಹಂತದಿಂದ ಹಿಂದಿರುಗಬಹುದೆಂಬುದಕ್ಕೆ ನಮ್ಮ ದೇಶದ್ದೇ ಆಧಾರವಿದೆ: ಚೆನ್ನೈನ ಡಾ. ಎ. ರಾಮಚಂದ್ರನ್ ನೇತೃತ್ವದಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇಂಥದೇ ಹೊಸ್ತಿಲಲ್ಲಿದ್ದವರು ಆಹಾರ ಮತ್ತು ನಡಿಗೆಯನ್ನು ತಿದ್ದಿಕೊಂಡಾಗ ಮಧುಮೇಹಕ್ಕೆ ಜಾರುವ ಅಪಾಯ ಶೇ. 28ಕ್ಕೂ ಹೆಚ್ಚು ಕಡಿಮೆಯಾಯಿತು. ನಿಮ್ಮ ವೈದ್ಯರಿಗೆ ವರದಿ ತೋರಿಸಿ, ಶಿಬಿರದ ಪರೀಕ್ಷೆಯನ್ನು ಒಳ್ಳೆಯ ಪ್ರಯೋಗಾಲಯದಲ್ಲಿ ಇನ್ನೊಮ್ಮೆ ಮಾಡಿಸಿ. ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನವಾದ್ದರಿಂದ, ಈ ಬದಲಾವಣೆಗಳ ಫಲ ತಿಂಗಳೊಳಗೆ ಆ ಅಂಕಿಯಲ್ಲಿ ಕಾಣುವುದಿಲ್ಲ. ಮೂರು ತಿಂಗಳು ಬಿಟ್ಟು ಮತ್ತೆ ಪರೀಕ್ಷಿಸಿ. ಅಲ್ಲಿಯವರೆಗೆ ವಾರಕ್ಕೊಮ್ಮೆ, ಭಾನುವಾರ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ, ಉಸಿರು ಬಿಟ್ಟು ಟೇಪಿನಿಂದ ಹೊಟ್ಟೆಯ ಸುತ್ತಳತೆ ತೆಗೆದು ಕ್ಯಾಲೆಂಡರಿನ ಮೇಲೆ ಬರೆದಿಡಿ. ಮೂರು ತಿಂಗಳ ನಂತರ ಆ ಕ್ಯಾಲೆಂಡರ್ ಮತ್ತು ವರದಿ ಎರಡನ್ನೂ ವೈದ್ಯರ ಬಳಿಗೆ ತೆಗೆದುಕೊಂಡು ಹೋಗಿ.